ತರಗತಿಯ ಗೋಡೆಯ ಮೇಲೆ ಛಾಯಾಚಿತ್ರ ಪ್ರದರ್ಶನ

ಕಲಬುರಗಿ ಸಮೀಪದ ನಂದೂರಿನಿಂದ ಬೆಂಗಳೂರಿಗೆ ಸುಮಾರು 600 ಕಿಲೋಮೀಟರ್ ದೂರ. ಅಲ್ಲಿಯ ವಸ್ತುಸಂಗ್ರಹಾಲಯವೊಂದನ್ನು ಶಾಲಾ ಮಕ್ಕಳಿಗೆ ತೋರಿಸಬೇಕೆಂದರೆ ಒಂದು ರಾತ್ರಿಯ ರೈಲು ಪ್ರಯಾಣ, ಊಟ-ವಸತಿಯ ಏರ್ಪಾಡು, ಪಾಲಕರ ಒಪ್ಪಿಗೆ, ಎಲ್ಲಕ್ಕಿಂತ ಮಿಗಿಲಾಗಿ ಹಣ ಬೇಕು. ಪ್ರವಾಸದ ಶುಲ್ಕ ಕೊಡಲಾಗದ ಮನೆಯ ಮಗು ಊರಲ್ಲೇ ಉಳಿಯುತ್ತದೆ. ಹೋಗಿ ಬಂದವರು ಹೇಳಿದ್ದನ್ನು ಕೇಳುವುದಷ್ಟೇ ಅದರ ಪಾಲು.

ಈ ಅಂತರವನ್ನು ಸ್ವಲ್ಪಮಟ್ಟಿಗಾದರೂ ಕಡಿಮೆ ಮಾಡುವ ದಾರಿಯೊಂದು ಈಗ ತೆರೆದಿದೆ. ಅದೇ ಅಂತರ್ಜಾಲದ ಮೂಲಕ ನಡೆಸುವ ‘ವರ್ಚುವಲ್’ ಪ್ರವಾಸ. 2011ರ ಫೆಬ್ರುವರಿಯಲ್ಲಿ ಗೂಗಲ್ ಸಂಸ್ಥೆ 17 ವಸ್ತುಸಂಗ್ರಹಾಲಯಗಳೊಡನೆ ಇಂಥದೊಂದು ಯೋಜನೆ ಆರಂಭಿಸಿತು. ನಮ್ಮ ಬೆಂಗಳೂರಿನ ‘ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ’ಯ ಕಥೆ ಇನ್ನೂ ಸ್ವಾರಸ್ಯಕರ. ಕೊರೊನಾ ಕಾಲದಲ್ಲಿ, 2020ರ ಡಿಸೆಂಬರ್‌ನಲ್ಲಿ, ಅದು ಮೊದಲು ಬಾಗಿಲು ತೆರೆದದ್ದು ಅಂತರ್ಜಾಲದಲ್ಲಿ! ಕಸ್ತೂರಬಾ ರಸ್ತೆಯ ಅದರ ಕಟ್ಟಡ ಸಾರ್ವಜನಿಕರಿಗೆ ತೆರೆದದ್ದು 2023ರ ಫೆಬ್ರುವರಿಯಲ್ಲಿ.

ಛಾಯಾಚಿತ್ರವೇ ಏಕೆ?

ಶಿಲ್ಪವನ್ನು ಸುತ್ತು ಹಾಕಿ ನೋಡಬೇಕು. ಪರದೆಯ ಮೇಲೆ ಅದರ ಅರ್ಧ ಸೊಗಸು ಹೋಗುತ್ತದೆ. ಛಾಯಾಚಿತ್ರ ಹಾಗಲ್ಲ, ಅದು ಚಪ್ಪಟೆಯಾದ ವಸ್ತು, ಒಂದು ನೆಗೆಟಿವ್‌ನಿಂದ ಹಲವು ಪ್ರತಿ ತೆಗೆಯಲೆಂದೇ ಬೆಳೆದು ಬಂದ ಕಲೆ. ಆದ್ದರಿಂದ ಪರದೆಗೆ ಅದು ಬಲುಮಟ್ಟಿಗೆ ಒಗ್ಗುತ್ತದೆ.

ಇನ್ನೊಂದು ಕಾರಣ ವಿಜ್ಞಾನಕ್ಕೆ ಸೇರಿದ್ದು. ಬೆಳಕಿನಿಂದಲೇ ಹುಟ್ಟಿದ ಛಾಯಾಚಿತ್ರಕ್ಕೆ ಬೆಳಕೇ ಶತ್ರು. ಹೆಚ್ಚು ಬೆಳಕು ಬಿದ್ದರೆ ಹಳೆಯ ಮುದ್ರಿತ ಚಿತ್ರಗಳು ಮಾಸುತ್ತವೆ, ಹಳದಿಗೆ ತಿರುಗುತ್ತವೆ. ಅದಕ್ಕಾಗಿ ಅವುಗಳನ್ನು ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ, ಅದೂ ಕೆಲವೇ ತಿಂಗಳು ಪ್ರದರ್ಶಿಸಿ ಮತ್ತೆ ಕತ್ತಲೆಯ ಪೆಟ್ಟಿಗೆಗೆ ಸೇರಿಸುತ್ತಾರೆ. ಕಲಬುರಗಿಯ ನಡುಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಎಂದರೆ ವ್ಯತ್ಯಾಸ ತಿಳಿದೀತು. ಆದರೆ ಡಿಜಿಟಲ್ ಪ್ರತಿಯನ್ನು ಸಾವಿರ ಮಕ್ಕಳು ನೋಡಿದರೂ ಮೂಲಕ್ಕೆ ಕಿಂಚಿತ್ತೂ ಹಾನಿಯಿಲ್ಲ.

ಏನು ನೋಡಬೇಕು?

ಡಾಗೇರ್ 1838ರಲ್ಲಿ ಪ್ಯಾರಿಸ್ಸಿನ ರಸ್ತೆಯೊಂದರ ಚಿತ್ರ ತೆಗೆದ. ಗಾಡಿ, ಜನರಿಂದ ಗಿಜಿಗುಡುವ ಆ ರಸ್ತೆ ಚಿತ್ರದಲ್ಲಿ ಖಾಲಿ! ಬೂಟು ಪಾಲಿಷ್ ಮಾಡಿಸಿಕೊಳ್ಳುತ್ತ ನಿಂತ ಒಬ್ಬನ ಆಕೃತಿ ಮಾತ್ರ ಸ್ಪಷ್ಟ. ಉಳಿದವರೆಲ್ಲ ಎಲ್ಲಿ ಹೋದರು? ಚಿತ್ರ ಮೂಡಲು ಹಲವು ನಿಮಿಷ ಹಿಡಿಯುತ್ತಿತ್ತು. ಚಲಿಸುವವರ ಗುರುತು ಉಳಿಯಲಿಲ್ಲ. ಈ ಒಂದು ಪ್ರಶ್ನೆ ಸಾಕು, ತರಗತಿ ಅರ್ಧ ಗಂಟೆ ಚರ್ಚಿಸುತ್ತದೆ.

ನಮ್ಮ ನಾಡಿನದೇ ಉದಾಹರಣೆ ಬೇಕೆ? ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಚಿತ್ರ ತೆಗೆದ. ಮೇಣ ಸವರಿದ ಕಾಗದವೇ ಅವನ ನೆಗೆಟಿವ್. ನೂರಕ್ಕೂ ಹೆಚ್ಚು ವರ್ಷಗಳ ನಂತರ, 1983ರಲ್ಲಿ, ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಸೆರೆಹಿಡಿದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ‘ಏನು ಉಳಿದಿದೆ, ಏನು ಬಿದ್ದಿದೆ?’ ಎಂದು ಕೇಳಿದರೆ ಇತಿಹಾಸದ ಪಾಠವೂ ಆಯಿತು.

ಮೈಸೂರಿನಲ್ಲಿ 1923ರಲ್ಲಿ ಜನಿಸಿದ ಟಿ.ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಗುಜರಾತಿನ ಜ್ಯೋತಿ ಭಟ್ ಹಳ್ಳಿಮನೆಗಳ ರಂಗೋಲಿ, ಗೋಡೆಚಿತ್ರಗಳು ಅಳಿಯುವ ಮುನ್ನ ಕ್ಯಾಮೆರಾದಲ್ಲಿ ಉಳಿಸಿದರು. ಬೆಂಗಳೂರಿನ ಹೊಸ ಕಟ್ಟಡದ ಮೊದಲ ಪ್ರದರ್ಶನಗಳಲ್ಲಿ ಅವರ ಚಿತ್ರಗಳದೂ ಒಂದು. ದಿನವೂ ಅಂಗಳದಲ್ಲಿ ತುಳಿದಾಡುವ ರಂಗೋಲಿ ವಸ್ತುಸಂಗ್ರಹಾಲಯಕ್ಕೆ ಏರಿದ್ದನ್ನು ಕಂಡ ಮಗು ತನ್ನ ಅವ್ವ ಬಿಡಿಸುವ ರಂಗೋಲಿಯನ್ನು ಬೇರೆ ಕಣ್ಣಿನಿಂದ ನೋಡೀತು.

ಪಾಲಕರ ಆತಂಕ

‘ಮೊಬೈಲ್ ಕೈಗೆ ಕೊಟ್ಟರೆ ಹುಡುಗ ಕೆಟ್ಟ’ ಎಂಬ ಪಾಲಕರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಬೆರಳಿನಿಂದ ಸರಸರನೆ ಸರಿಸುತ್ತ ಹೋದರೆ ನೂರು ಚಿತ್ರ ಕಂಡರೂ ಒಂದನ್ನೂ ನೋಡಿದಂತಾಗುವುದಿಲ್ಲ. ಮನೆಗೆ ಒಂದೇ ಫೋನಿದ್ದು, ಅದು ತಂದೆಯೊಡನೆ ಕೆಲಸಕ್ಕೆ ಹೋಗುವ ಕುಟುಂಬಗಳೂ ಇವೆ. ಆದ್ದರಿಂದ ಈ ಪ್ರವಾಸ ನಡೆಯಬೇಕಾದದ್ದು ಶಾಲೆಯಲ್ಲಿ, ಎಲ್ಲರೂ ಕೂಡಿ, ಒಂದೇ ಪರದೆಯ ಮುಂದೆ.

ಶಿಕ್ಷಕರು ಮೊದಲೇ ಐದು ಚಿತ್ರ ಆರಿಸಿಕೊಂಡರೆ ಸಾಕು. ಪ್ರತಿ ಚಿತ್ರವನ್ನು ಎರಡು ನಿಮಿಷ ಮಾತಿಲ್ಲದೆ ನೋಡಬೇಕು. ನಂತರ ಕೇಳಬೇಕು: ಬೆಳಕು ಯಾವ ಕಡೆಯಿಂದ ಬಂದಿದೆ? ನೆರಳಿನ ಉದ್ದ ನೋಡಿದರೆ ಹೊತ್ತು ಎಷ್ಟಿದ್ದೀತು? ಚೌಕಟ್ಟಿನ ಹೊರಗೆ ಏನು ಬಿಟ್ಟಿದ್ದಾರೆ? ಪರದೆಯ ಮೇಲೆ ದೊಡ್ಡ ಚಿತ್ರ, ಚಿಕ್ಕ ಚಿತ್ರ ಎರಡೂ ಒಂದೇ ಅಳತೆಗೆ ಕಾಣುತ್ತವೆ. ಮೂಲದ ಉದ್ದ-ಅಗಲವನ್ನು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿದರೆ ಈ ಕೊರತೆ ನೀಗುತ್ತದೆ. ವಿದೇಶಿ ಸಂಗ್ರಹಾಲಯಗಳ ವಿವರಣೆ ಕನ್ನಡದಲ್ಲಿ ಸಿಗುವುದು ಅಪರೂಪ. ಶಿಕ್ಷಕರೇ ಮುಂಚಿತವಾಗಿ ಓದಿ ತಮ್ಮ ಮಾತಿನಲ್ಲಿ ಹೇಳಬೇಕು. ಸಂಪರ್ಕ ಕೈಕೊಡುವ ಊರುಗಳಲ್ಲಿ ಒಂದು ಚಿತ್ರದ ಮೇಲೆಯೇ ಪಾಠ ನಡೆಸಲು ಸಿದ್ಧರಿರುವುದು ಒಳಿತು.

ಮುಂದಿನ ಹೆಜ್ಜೆ ಮಕ್ಕಳದು. ಮನೆಯ ಟ್ರಂಕಿನಲ್ಲಿರುವ ಹಳೆಯ ಫೋಟೊ ಹುಡುಕಿ, ಅದು ತೆಗೆದ ಜಾಗದಲ್ಲೇ ನಿಂತು ಹೊಸದೊಂದು ತೆಗೆಯಲಿ. ಕಲಬುರಗಿ ಕೋಟೆಯೊಳಗೆ 1367ರ ಜಾಮಿ ಮಸೀದಿ ಇದೆ. ತೆರೆದ ಅಂಗಳವಿಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದ ಅಪರೂಪದ ಕಟ್ಟಡ ಅದು. ಒಂದು ಭಾನುವಾರ ಪಾಲಕರೇ ಅಲ್ಲಿಗೆ ಕರೆದೊಯ್ದು, ಕಮಾನುಗಳ ನಡುವೆ ಬೆಳಕು ಹೇಗೆ ಬೀಳುತ್ತದೆಂದು ನೋಡಲು ಹೇಳಲಿ. ಪರದೆಯ ಮೇಲೆ ನೋಡಲು ಕಲಿತ ಕಣ್ಣು ಅಲ್ಲಿ ಉಪಯೋಗಕ್ಕೆ ಬರುತ್ತದೆ. ಮಕ್ಕಳು ತೆಗೆದ ಚಿತ್ರಗಳನ್ನು ಮುದ್ರಿಸಿ, ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆದು ಶಾಲೆಯ ಗೋಡೆಗೆ ತೂಗುಹಾಕಿದರೆ, ನಂದೂರಿನಂಥ ಊರಿನಲ್ಲೂ ಒಂದು ಪ್ರದರ್ಶನ ಸಿದ್ಧ. ಅದನ್ನು ನೋಡಲು ಯಾರೂ ರಾತ್ರಿ ರೈಲು ಹತ್ತಬೇಕಾಗಿಲ್ಲ.