ಉಕ್ಕೆಂಬ ಶಬ್ದವೂ ಇದ್ದಲಿನ ಲೆಕ್ಕವೂ

ಲೋಹವಾಚಕವಾದ ‘ಉಕ್ಕು’ ಶಬ್ದಕ್ಕೆ ಹಾಲು ಉಕ್ಕುವುದೆಂಬಲ್ಲಿಯ ಧಾತುವೇ ಮೂಲವೆಂದು ಉಪಾಧ್ಯಾಯರು ಕೆಲವರು ಬೋಧಿಸುವುದುಂಟು. ಬಹುಕಾಲ ನಾವೂ ಹಾಗೆಯೇ ಪಾಠ ಹೇಳಿದೆವು. ಈ ನಿರ್ವಚನವು ಕಿವಿಗೆ ಹಿತವಾದರೂ ಗ್ರಾಹ್ಯವಲ್ಲ. ತಮಿಳು ಮಲೆಯಾಳಗಳಲ್ಲಿ ಉಕ್ಕಿಗೆ ‘ಉರುಕ್ಕು’ ಎಂದು ಹೆಸರು. ‘ಉರುಕು’ ಎಂದರೆ ಕರಗು. ಆದಕಾರಣ ಉಕ್ಕೆಂದರೆ ಕರಗಿಸಿದುದು. ಹೊಮ್ಮು ಎಂಬರ್ಥದ ಹಳಗನ್ನಡ ‘ಉರ್ಕು’ ಧಾತುವೂ ರೇಫವನ್ನು ಕಳೆದುಕೊಂಡು ‘ಉಕ್ಕು’ ಆದುದರಿಂದ ಎರಡು ಬೇರೆ ಶಬ್ದಗಳು ಏಕರೂಪವನ್ನು ಹೊಂದಿ ಭ್ರಾಂತಿಗೆ ಕಾರಣವಾದುವು.

ಇದಕ್ಕೆ ಕುಲುಮೆಯೇ ಸಾಕ್ಷಿ. ಅದಿರಿನಲ್ಲಿ ಕಬ್ಬಿಣವು ಆಮ್ಲಜನಕದೊಡನೆ ಕೂಡಿಕೊಂಡಿರುತ್ತದೆ. ಇದ್ದಲಿನಿಂದ ಹುಟ್ಟುವ ಇಂಗಾಲದ ಅನಿಲವು ಆ ಆಮ್ಲಜನಕವನ್ನು ಸೆಳೆದುಕೊಂಡು ಹೊರಟುಹೋಗುವುದು. ಶುದ್ಧವಾದ ಕಬ್ಬಿಣ ಕರಗಲು 1,538 ಡಿಗ್ರಿ ಸೆಂಟಿಗ್ರೇಡ್ ಉಷ್ಣ ಬೇಕು. ತಿದಿಯೊತ್ತುವ ನಮ್ಮ ಹಳೆಯ ಕುಲುಮೆಗಳು ಆ ಮಟ್ಟವನ್ನು ಮುಟ್ಟುತ್ತಿರಲಿಲ್ಲ. ಕಿಟ್ಟವು ಕರಗಿ ಹರಿಯುತ್ತಿತ್ತು. ಕಬ್ಬಿಣವು ಕರಗದೆ ಮುದ್ದೆಯಾಗಿ ಉಳಿಯುತ್ತಿತ್ತು. ಆ ಮುದ್ದೆಯನ್ನು ಬಡಿದು ಶೋಧಿಸಿ, ತುಂಡುಮಾಡಿ, ಮಣ್ಣಿನ ಮೂಸೆಯಲ್ಲಿ ಸೌದೆಯ ಚೂರುಗಳೊಡನೆ ಮುಚ್ಚಿ ಕಾಸಿದರೆ ಇಂಗಾಲವು ಕಬ್ಬಿಣದೊಳಕ್ಕೆ ಸೇರುವುದು. ಸೇರಿದಂತೆಲ್ಲ ಕರಗಲು ಬೇಕಾದ ಉಷ್ಣವು ತಗ್ಗಿ, ಮೂಸೆಯಲ್ಲಿ ಅದು ದ್ರವವಾಗುವುದು. 1800–01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮೂಸೆಗೆ ತಂಗಡಿಯ ಕಡ್ಡಿಯನ್ನು ಹಾಕುತ್ತಿದ್ದರೆಂದು ಬರೆದಿಟ್ಟಿದ್ದಾನೆ. ನಮ್ಮ ಹೊಲದ ಬದುವಿನ ಈ ಗಿಡವು ಫ್ಯಾರಡೆಯಂಥ ವಿಜ್ಞಾನಿಯೇ ಪರೀಕ್ಷಿಸಿದ ‘ವೂಟ್ಸ್’ ಉಕ್ಕಿಗೆ ಸಾಮಗ್ರಿಯಾಗಿತ್ತೆಂಬುದು ಸ್ಮರಣೀಯ. ವೂಟ್ಸ್ ಎಂಬುದೂ ನಮ್ಮ ‘ಉಕ್ಕಿ’ನ ವಿಕೃತರೂಪವೆಂದೇ ಬಹುಮತ. ಇಂತಿರುವಲ್ಲಿ, ಉಕ್ಕೆಂದರೆ ಶುದ್ಧೀಕರಿಸಿದ ಕಬ್ಬಿಣವೆಂದಷ್ಟೇ ವಿದ್ಯಾರ್ಥಿಗಳಿಗೆ ಹೇಳುವುದು ಸಾಲದು. ನೂರಕ್ಕೆ ಒಂದೆರಡು ಭಾಗವೂ ಮೀರದ ಇಂಗಾಲವು ಕೂಡಿದುದರಿಂದಲೇ ಅದು ಉಕ್ಕು.

ಹೀಗೆ ಇಂಗಾಲಕ್ಕೆ ಎರಡು ಕೆಲಸ: ಆಮ್ಲಜನಕವನ್ನು ತೆಗೆಯುವುದೊಂದು, ಲೋಹದಲ್ಲಿ ನೆಲಸುವುದಿನ್ನೊಂದು. ಎರಡನೆಯದಕ್ಕೆ ಚಿಟಿಕೆಯಷ್ಟು ಸಾಕು; ಮೊದಲನೆಯದಕ್ಕೆ ಕಾಡೇ ಬೇಕು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ದೊರೆಯದ ಕಾರಣ 1923ರಲ್ಲಿ ಆರಂಭವಾದ ಭದ್ರಾವತಿಯ ಕಾರ್ಖಾನೆಯು ಮಲೆನಾಡಿನ ಮರದ ಇದ್ದಲಿನಿಂದಲೇ ನಡೆಯಿತು. ಕಡಿದ ಮರವು ಮತ್ತೆ ಬೆಳೆದೀತು, ಆದರೆ ಕುಲುಮೆಯು ಅಷ್ಟು ಕಾಲ ಕಾಯುವುದಿಲ್ಲ. ಕಲ್ಲಿದ್ದಲಿನ ಕೋಕನ್ನು ಉರಿಸಿದರೆ ಕಾಡು ಉಳಿಯುವುದು ನಿಜ. ಆದರೆ ಅದಿರಿನಿಂದ ಒಂದು ಟನ್ನು ಉಕ್ಕು ತೆಗೆಯುವಷ್ಟರಲ್ಲಿ ಸುಮಾರು ಎರಡು ಟನ್ನು ಇಂಗಾಲಾಮ್ಲ ವಾಯುವು ಆಕಾಶವನ್ನು ಸೇರುವುದು.

ಈಗ ಮೊದಲನೆಯ ಕೆಲಸವನ್ನು ಜಲಜನಕಕ್ಕೆ ಒಪ್ಪಿಸುವ ಪ್ರಯತ್ನ ನಡೆದಿದೆ. ಸ್ವೀಡನ್ ದೇಶದಲ್ಲಿ 2021ರಲ್ಲಿ ಈ ವಿಧಾನದ ಉಕ್ಕು ಸಿದ್ಧವಾಯಿತು. ಜಲಜನಕವು ಆಮ್ಲಜನಕವನ್ನು ಕೂಡಿ ನೀರಾವಿಯಾಗಿ ಹೋಗುವುದು. ಆ ಜಲಜನಕವನ್ನು ಬಿಡಿಸಲು ವಿದ್ಯುತ್ತು ಅಪಾರವಾಗಿ ಬೇಕು, ಕಷ್ಟವಿರುವುದು ಅಲ್ಲಿಯೇ. ಅಲ್ಲಿಯೂ ಕಬ್ಬಿಣವು ಕರಗದ ಮುದ್ದೆಯಾಗಿಯೇ ಹೊರಬರುವುದು. ಅದನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಬೇಕಾದಷ್ಟು ಇಂಗಾಲವಿರುವಂತೆ ಹದಗೊಳಿಸಿದ ಮೇಲೆಯೇ ಅದು ‘ಉರುಕ್ಕು’ ಆಗುವುದು.