ಉಪಕಾರಿ ಯಾರು?

ಚಾರ್ಲ್ಸ್ ಡಿಕನ್ಸನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಕಾದಂಬರಿಯು 1860ರ ಡಿಸೆಂಬರಿನಿಂದ 1861ರ ಆಗಸ್ಟಿನವರೆಗೆ ಆತನದೇ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಹೊರಬಂದಿತು. ನಮ್ಮ ವಾಚಕರಲ್ಲಿ ಕೆಲವರು ಇದನ್ನು ಕಾಲೇಜಿನಲ್ಲಿ ಪಠ್ಯವೆಂದು ಓದಿ, ಪರೀಕ್ಷೆ ಮುಗಿದೊಡನೆ ಮರೆತಿರಬಹುದು. ಊರು ಬಿಟ್ಟು ಮಹಾನಗರ ಸೇರಿದವರು ಮಾತ್ರ ನಡುವಯಸ್ಸಿನಲ್ಲಿ ಇದನ್ನು ಮತ್ತೊಮ್ಮೆ ಓದಬೇಕು.

ಕಥಾನಾಯಕ ಪಿಪ್ ತಬ್ಬಲಿ. ಇಂಗ್ಲೆಂಡಿನ ಜೌಗುನೆಲದ ಹಳ್ಳಿಯೊಂದರಲ್ಲಿ ಅಕ್ಕನ ಆಶ್ರಯದಲ್ಲಿ ಬೆಳೆದವನು. ಭಾವ ಜೋ ಕಮ್ಮಾರ, ಸಾಧು ಪ್ರಾಣಿ. ಒಮ್ಮೆ ಕ್ರಿಸ್ಮಸ್ ಸಮಯದಲ್ಲಿ, ಸೆರೆಯಿಂದ ತಪ್ಪಿಸಿಕೊಂಡ ಕೈದಿಯೊಬ್ಬನು ಈ ಹುಡುಗನನ್ನು ಹೆದರಿಸಿ, ಊಟವನ್ನೂ ಬೇಡಿ ಕತ್ತರಿಸಲು ಅರವನ್ನೂ ತರಿಸಿಕೊಳ್ಳುತ್ತಾನೆ.

ಮುಂದೆ ಪಿಪ್ ಮಿಸ್ ಹ್ಯಾವಿಷಂ ಎಂಬ ಶ್ರೀಮಂತ ಮಹಿಳೆಯ ಮನೆಗೆ ಹೋಗಿ ಬರತೊಡಗುತ್ತಾನೆ. ಮದುವೆಯ ದಿನವೇ ವರನು ಕೈಕೊಟ್ಟದ್ದರಿಂದ, ಆ ಗಳಿಗೆಗೇ ಗಡಿಯಾರಗಳನ್ನು ನಿಲ್ಲಿಸಿ, ಮದುವೆಯ ಉಡುಪಿನಲ್ಲೇ ಮುದಿಯಾದವಳು ಆಕೆ. ಆಕೆಯ ಸಾಕುಮಗಳು ಎಸ್ಟೆಲ್ಲಾ, ಪಿಪ್‌ನ ಒರಟು ಕೈಗಳನ್ನೂ ದಪ್ಪ ಬೂಟುಗಳನ್ನೂ ಹೀಯಾಳಿಸುತ್ತಾಳೆ. ಅಂದಿನಿಂದ ಭಾವನ ಕುಲುಮೆ ಹುಡುಗನಿಗೆ ನಾಚಿಕೆಯ ಸ್ಥಳವಾಯಿತು. 'ಜಂಟಲ್‌ಮನ್' ಆಗಬೇಕೆಂಬ ಹಂಬಲ ಹುಟ್ಟಿತು.

ಅಷ್ಟರಲ್ಲಿ ಯಾರೋ ಅಜ್ಞಾತ ಉಪಕಾರಿಯ ಹಣ ಒದಗಿ ಪಿಪ್ ಲಂಡನ್ ಸೇರುತ್ತಾನೆ. ಹಣ ತಲಪಿಸಿದ ವಕೀಲನೇ ಹ್ಯಾವಿಷಮ್ಮಳಿಗೂ ವಕೀಲ. ಆದುದರಿಂದ ಕೊಟ್ಟವಳು ಅವಳೇ ಎಂದು ಪಿಪ್‌ನ ನಂಬಿಕೆ. ನಿಜವಾಗಿ ಕೊಟ್ಟವನು ಆ ಹಳೆಯ ಕೈದಿ ಮ್ಯಾಗ್‌ವಿಚ್! ಆಸ್ಟ್ರೇಲಿಯಕ್ಕೆ ಗಡೀಪಾರಾಗಿ, ಕುರಿ ಸಾಕಿ, ಬೆವರು ಸುರಿಸಿ ಕೂಡಿಟ್ಟ ಹಣವದು.

ಅವನು ಹೀಗೇಕೆ ಮಾಡಿದ? ಅನ್ನವಿತ್ತ ಹುಡುಗನ ಋಣ ಒಂದು ಕಾರಣ. ಇನ್ನೊಂದು ಕಾರಣ ಅವನ ಹಳೆಯ ಗಾಯ. ಹಿಂದೆ ಕಾಂಪೆಸನ್ ಎಂಬ ಮೋಸಗಾರನೊಡನೆ ಅವನ ವಿಚಾರಣೆ ನಡೆದಾಗ, ಸಭ್ಯ ಉಡುಪಿನ, ನಯವಾದ ಮಾತಿನ ಕಾಂಪೆಸನ್ನನಿಗೆ 7 ವರ್ಷ, ಒರಟನಾದ ಇವನಿಗೆ 14 ವರ್ಷ ಶಿಕ್ಷೆಯಾಯಿತು. ತನ್ನನ್ನು ತುಳಿದ ಸಭ್ಯಸ್ತಿಕೆಯನ್ನು ತನ್ನ ಹಣದಿಂದಲೇ ತಯಾರಿಸಿ ತೋರಿಸುವ ಛಲ ಅವನದು. ಹ್ಯಾವಿಷಮ್ಮಳಿಗೆ ಕೈಕೊಟ್ಟ ವರನೂ ಅದೇ ಕಾಂಪೆಸನ್! ಒಬ್ಬನೇ ವಂಚಕನಿಂದ ನೊಂದ ಇಬ್ಬರು, ಎರಡು ಎಳೆಯ ಜೀವಗಳನ್ನು ತಮ್ಮ ಸೇಡಿನ ಉಪಕರಣಗಳಾಗಿ ತಿದ್ದುತ್ತಾರೆ.

ಫಲವೇನು? ಗಂಡಸರ ಹೃದಯ ಒಡೆಯಲೆಂದು ಬೆಳೆಸಿದ ಎಸ್ಟೆಲ್ಲಾ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಸಾಕಿದ ತಾಯಿಗೂ ಪ್ರೀತಿ ಕೊಡಲಾರದವಳಾದಳು. ಮ್ಯಾಗ್‌ವಿಚ್ ಪ್ರಾಣದ ಹಂಗು ತೊರೆದು ಪಿಪ್‌ನನ್ನು ನೋಡಲು ಬಂದರೆ, ಅವನು ಮಾಡಿದ ಜಂಟಲ್‌ಮನ್ನನೇ ಅವನನ್ನು ಕಂಡು ಅಸಹ್ಯಪಡುತ್ತಾನೆ. ಯಾವ ಹುಡುಗಿಯ ಕಣ್ಣಿನಲ್ಲಿ ಮೇಲಾಗಬೇಕೆಂದು ಪಿಪ್ ಇಷ್ಟೆಲ್ಲ ಹೆಣಗಿದನೋ, ಆಕೆ ಈ ಕೈದಿಯ ಮಗಳು!

ಆದರೆ ಈ ಎಲ್ಲ ವ್ಯಂಗ್ಯಕ್ಕಿಂತ ಮನಸ್ಸನ್ನು ಹೆಚ್ಚು ಚುಚ್ಚುವುದು ಜೋನ ಪ್ರಸಂಗ. ಆತ ಲಂಡನ್ನಿಗೆ ನೋಡಲು ಬರುವನೆಂದು ತಿಳಿದಾಗ, ಹಣ ಕೊಟ್ಟಾದರೂ ತಡೆಯಬಹುದಾಗಿದ್ದರೆ ಎಂದು ಪಿಪ್‌ನಿಗೆ ಅನ್ನಿಸುತ್ತದೆ. ಬಂದ ಜೋ, ಎತ್ತಿ ಆಡಿಸಿದ ಹುಡುಗನನ್ನು ಮಧ್ಯೆ ಮಧ್ಯೆ 'ಸರ್' ಎನ್ನುತ್ತಾನೆ. ಮ್ಯಾಗ್‌ವಿಚ್ ಸೆರೆಸಿಕ್ಕಿ ಅವನ ಸಂಪತ್ತೆಲ್ಲ ಸರ್ಕಾರದ ಪಾಲಾಗುತ್ತದೆ. ಕಾಸೂ ಕೈಸೇರದೆಂದು ತಿಳಿದಿದ್ದೂ ಪಿಪ್ ಕೊನೆಯತನಕ ಅವನ ಕೈಹಿಡಿದು ಕೂರುವುದು ಅವನ ಮೊದಲ ನಿಜವಾದ ಸಭ್ಯತೆ. ಆಮೇಲೆ ಸಾಲಗಾರನಾಗಿ, ಜ್ವರಪೀಡಿತನಾಗಿ ಬಿದ್ದವನನ್ನು ಆರೈಕೆ ಮಾಡುವವನು ಜೋ. ಆಭರಣದಂಗಡಿಯ 123 ಪೌಂಡಿಗೂ ಮಿಕ್ಕ ಸಾಲವನ್ನು ತೀರಿಸಿ, ರಸೀತಿಯನ್ನಿಟ್ಟು, ಕೃತಜ್ಞತೆಗೂ ಕಾಯದೆ ಬೆಳಗಾಗುವ ಮುನ್ನ ಹೊರಟುಹೋಗುತ್ತಾನೆ. ಪ್ರತಿಫಲ ಬಯಸದ ಉಪಕಾರಿ ಅವನೊಬ್ಬನೇ. ಪಿಪ್ ನಾಚಿಕೊಂಡದ್ದೂ ಅವನಿಗಾಗಿಯೇ.

ಡಿಕನ್ಸನಿಗೆ ಈ ನಾಚಿಕೆಯ ಮರ್ಮ ಚೆನ್ನಾಗಿ ಗೊತ್ತಿತ್ತು. 1824ರಲ್ಲಿ ಅವನ ತಂದೆ ಸಾಲಕ್ಕಾಗಿ ಸೆರೆಮನೆ ಸೇರಿದಾಗ, 12 ವರ್ಷದ ಹುಡುಗ ಬೂಟುಪಾಲಿಷಿನ ಕಾರ್ಖಾನೆಯಲ್ಲಿ ದುಡಿದಿದ್ದ.

ಊರಿನಿಂದ ಬಂದ ಹಿರಿಯರು ನಮ್ಮ ನಗರದ ಮನೆಯಲ್ಲಿ, ನೆರೆಯವರ ಮುಂದೆ ಮಾತನಾಡಲು ಹಿಂಜರಿಯುವುದುಂಟು. ಆ ಹಿಂಜರಿಕೆಯನ್ನು ಅವರು ಊರಿನಿಂದ ತಂದದ್ದೋ, ನಾವು ಕೊಟ್ಟದ್ದೋ ಎಂದು ಕೇಳಿಕೊಳ್ಳುವಂತೆ ಮಾಡುವುದೇ ಈ ಕಾದಂಬರಿಯ ಹಿರಿಮೆ.