‘ಜಾನ್ ಪೆಹಚಾನ್ ಹೋ’ ಹಾಡಿನ ಮುಖವಾಡದ ಬ್ಯಾಂಡ್ ಯಾವುದು? ಜಗತ್ತೇ ನೋಡಿದ ಮುಂಬೈ ಹುಡುಗರ ಕಥೆ

ಮುಂಬೈ: ಕಣ್ಣಿಗೆ ಕಪ್ಪು ಮುಖವಾಡ ಕಟ್ಟಿಕೊಂಡ ಹುಡುಗರು ಗಿಟಾರ್ ನುಡಿಸುತ್ತಿದ್ದಾರೆ, ಡ್ರಮ್ಸ್ ಬಾರಿಸುತ್ತಿದ್ದಾರೆ. ಅಂಥದ್ದೇ ಮುಖವಾಡ ತೊಟ್ಟ ಲಕ್ಷ್ಮೀ ಛಾಯಾ ತಲೆ ಕೊಡವಿ ಕುಣಿಯುತ್ತಿದ್ದಾರೆ. 1965ರ ಹಿಂದಿ ಚಿತ್ರ ‘ಗುಮ್ನಾಮ್’ನ ಈ ಹಾಡನ್ನು ಯೂಟ್ಯೂಬ್‌ನಲ್ಲಿ ನೋಡಿದ ಅನೇಕರಿಗೆ ಬರುವ ಪ್ರಶ್ನೆ ಒಂದೇ: ಈ ಬ್ಯಾಂಡ್‌ನವರು ಯಾರು?

ಅದು ಮುಂಬೈನದೇ ತಂಡ, ಹೆಸರು ‘ಟೆಡ್ ಲಯನ್ಸ್ ಆ್ಯಂಡ್ ಹಿಸ್ ಕಬ್ಸ್’. ನಾಯಕ ಸಿಂಹ, ಉಳಿದವರು ಮರಿಗಳು ಎಂಬ ತಮಾಷೆ ಹೆಸರಿನಲ್ಲೇ ಇದೆ.

ಹಿಂದೆ ನಿಂತು ನುಡಿಸುವವರ ಕಾಲ

ಗಾಯಕನ ಹಿಂದೆ ನಿಂತು ನುಡಿಸುವ ಗಿಟಾರ್ ತಂಡಗಳಿಗೆ ಅದು ಸುಗ್ಗಿಯ ಕಾಲ. ಲಕ್ನೋದಲ್ಲಿ ಹುಟ್ಟಿ ಇಂಗ್ಲೆಂಡ್‌ನಲ್ಲಿ ತಾರೆಯಾದ ಕ್ಲಿಫ್ ರಿಚರ್ಡ್ ಹಿಂದೆ ‘ದಿ ಶಾಡೋಸ್’ ಇತ್ತು. 1960ರಲ್ಲಿ ಮಾತೇ ಇಲ್ಲದ ‘ಅಪಾಚೆ’ ಟ್ಯೂನ್ ಮೂಲಕ ಈ ತಂಡ ತಾನೇ ಹೆಸರು ಮಾಡಿತು. ಆಸ್ಟ್ರೇಲಿಯಾದಲ್ಲಿ ಗಾಯಕ ಕಾಲ್ ಜಾಯ್‌ಗೆ ‘ಜಾಯ್ ಬಾಯ್ಸ್’ ಜೊತೆಯಾಗಿದ್ದರು.

ಮುಂಬೈನಲ್ಲೂ ಇದೇ ಗಾಳಿ ಬೀಸಿತು. ಆದರೆ ಇಲ್ಲಿನ ತಂಡಗಳಿಗೆ ಎಲ್ಲಕ್ಕಿಂತ ದೊಡ್ಡ ವೇದಿಕೆ ಎಂದರೆ ಸಿನಿಮಾ. ಇದಕ್ಕೆ ಮೊದಲೇ, 1951ರ ‘ಅಲ್ಬೇಲಾ’ದಲ್ಲಿ ಗೋವಾ ಮೂಲದ ಜಾಝ್ ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ ತಮ್ಮ ತಂಡದೊಂದಿಗೆ ತೆರೆ ಮೇಲೆ ಬಂದಿದ್ದರು. ಲಯನ್ಸ್ ತಂಡ ‘ಗುಮ್ನಾಮ್’ ಬಂದ ವರ್ಷವೇ ಶಮ್ಮಿ ಕಪೂರ್ ಅವರ ‘ಜಾನ್ವರ್’ನಲ್ಲೂ ಕಾಣಿಸಿಕೊಂಡಿತು. ಅಲ್ಲಿ ಮುಖವಾಡವಿಲ್ಲ, ತಲೆಗೆ ಬೀಟಲ್ಸ್ ಶೈಲಿಯ ವಿಗ್! ಆ ಹಾಡಿನ ಟ್ಯೂನ್ ಕೂಡ ಬೀಟಲ್ಸ್‌ರದ್ದೇ.

ಕಂಡವರು ಬೇರೆ, ಕೇಳಿಸಿದವರು ಬೇರೆ

‘ಜಾನ್ ಪೆಹಚಾನ್ ಹೋ’ ಹಾಡಿದ್ದು ಮೊಹಮ್ಮದ್ ರಫಿ, ತೆರೆ ಮೇಲೆ ತುಟಿ ಅಲುಗಿಸಿದ್ದು ನೃತ್ಯ ನಿರ್ದೇಶಕ ಹರ್ಮನ್ ಬೆಂಜಮಿನ್. ವಾದ್ಯಗಳದ್ದೂ ಸಾಮಾನ್ಯವಾಗಿ ಇದೇ ಲೆಕ್ಕ. ಹಾಡು ಮೊದಲು ಸ್ಟುಡಿಯೋದಲ್ಲಿ ರೆಕಾರ್ಡ್ ಆಗುತ್ತಿತ್ತು, ಶೂಟಿಂಗ್‌ನಲ್ಲಿ ಅದನ್ನು ಹಾಕಿಕೊಂಡು ಅಭಿನಯಿಸುತ್ತಿದ್ದರು. ಸಂಗೀತ ನಿರ್ದೇಶಕರಾದ ಶಂಕರ್-ಜೈಕಿಶನ್ ಬಳಿ ದೊಡ್ಡ ಆರ್ಕೆಸ್ಟ್ರಾವೇ ಇತ್ತು. ಅವರಿಗೆ ಸ್ವರಲಿಪಿ ಬರೆದು ವಾದ್ಯಗಳನ್ನು ಹೊಂದಿಸುತ್ತಿದ್ದವರು ಗೋವಾ ಮೂಲದ ಸೆಬಾಸ್ಟಿಯನ್ ಡಿಸೋಜಾ. ಇಂಥ ಆರ್ಕೆಸ್ಟ್ರಾಗಳ ಪಿಟೀಲು, ಟ್ರಂಪೆಟ್, ಸ್ಯಾಕ್ಸೋಫೋನ್ ವಾದಕರಲ್ಲಿ ಬಹಳಷ್ಟು ಮಂದಿಯ ಹೆಸರು ಟೈಟಲ್ ಕಾರ್ಡ್‌ನಲ್ಲಿ ಬರುತ್ತಲೇ ಇರಲಿಲ್ಲ. ಗುಮ್ನಾಮ್ ಎಂದರೆ ಹೆಸರಿಲ್ಲದವ. ಚಿತ್ರದ ಶೀರ್ಷಿಕೆ ಇವರಿಗೂ ಸರಿಯಾಗಿಯೇ ಹೊಂದುತ್ತದೆ.

ಮೂರೂವರೆ ದಶಕದ ಬಳಿಕ ಹಾಡಿಗೆ ಹೊಸ ಜನ್ಮ ಸಿಕ್ಕಿತು. 2001ರ ಹಾಲಿವುಡ್ ಚಿತ್ರ ‘ಘೋಸ್ಟ್ ವರ್ಲ್ಡ್’ ಆರಂಭವಾಗುವುದೇ ಈ ದೃಶ್ಯದೊಂದಿಗೆ. ನಾಯಕಿ ಟಿವಿಯಲ್ಲಿ ಇದನ್ನು ಹಾಕಿಕೊಂಡು ತಾನೂ ಕುಣಿಯುತ್ತಾಳೆ. 2011ರಲ್ಲಿ ಹೈನೆಕೆನ್ ಬಿಯರ್ ಜಾಹೀರಾತಿಗೂ ಇದೇ ಹಾಡು.

ವಾದಕರಿಗೆ ಹಕ್ಕಿದೆಯೇ?

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಮೊದಲಿಗೆ ಗಾಯಕರು, ವಾದಕರಿಗೆ ಪ್ರತ್ಯೇಕ ಹಕ್ಕೇ ಇರಲಿಲ್ಲ. ಅದು ಬಂದದ್ದು 1994ರ ತಿದ್ದುಪಡಿಯಲ್ಲಿ. ಅಂದರೆ 1965ರಲ್ಲಿ ನುಡಿಸಿದವರು ಅಂದಿನ ಸಂಭಾವನೆ ಪಡೆದು ಮನೆಗೆ ಹೋದರೆ ಮುಗಿಯಿತು. 2012ರ ತಿದ್ದುಪಡಿ ವಾಣಿಜ್ಯ ಬಳಕೆಗೆ ರಾಯಧನದ ಅವಕಾಶವನ್ನೂ ಕೊಟ್ಟಿತು, ನಿಜ. ಆದರೆ ಅದರಲ್ಲೇ ಒಂದು ಕೊಕ್ಕೆಯೂ ಇದೆ. ಚಿತ್ರದಲ್ಲಿ ಪ್ರಾಸಂಗಿಕವಾಗಿ ಬಂದುಹೋಗುವವರ ಹೆಸರನ್ನು ಎಲ್ಲಿಯೂ ನಮೂದಿಸದಿರುವುದು ಉದ್ಯಮದ ವಾಡಿಕೆಯಾಗಿದ್ದರೆ, ಕಾಯ್ದೆಯ ಪ್ರಕಾರ ಅಂಥವರು ಕಲಾವಿದರೇ ಅಲ್ಲ. ತಮ್ಮ ಪ್ರದರ್ಶನವನ್ನು ಯಾರಾದರೂ ವಿರೂಪಗೊಳಿಸಿದರೆ ಆಕ್ಷೇಪಿಸಬಹುದು, ಅಷ್ಟೇ.